ಕಲ್ಲಿಗೆ ಪರ್ಮಿಟ್, ಜಾಗಕ್ಕೆ ಪರವಾನಗಿ, ಗೌಂಡಿಗೆ ಬರೇ ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಆ ಕಾಲಕ್ಕೆ ಮನೆ ಕಟ್ಟಲು ಬೇಕಾಗಿದ್ದದ್ದು ಕೈಯಲ್ಲಿ ನಾಲ್ಕು ದುಡ್ಡು, ನಂಬಿಕೆಯ ಒಬ್ಬ ಗೌಂಡಿ, ಮೇಲೆ ಒಂದಿಷ್ಟು ತಾಳ್ಮೆ. ಈಗ ಇವು ಮೂರೂ ಇದ್ದರೂ ಬುನಾದಿ ತೋಡಲು ಬರುವುದಿಲ್ಲ. ಕಾಗದ ಬೇಕು. ಜಾಗಕ್ಕೊಂದು ಕಾಗದ, ಕಲ್ಲಿಗೊಂದು ಕಾಗದ, ಉಸುಕಿಗೊಂದು ಕಾಗದ, ಕಡೆಗೆ ಕರೆಂಟಿಗೂ ಒಂದು ಕಾಗದ.

ಈ ಕಾಗದಗಳ ಸಲುವಾಗಿ ಗೊಣಗದವರು ಪೇಟೆಯಲ್ಲಿ ಯಾರೂ ಸಿಗಲಿಕ್ಕಿಲ್ಲ. ಗೊಣಗಿದರೂ ಎಲ್ಲರೂ ಮಾಡಿಸುತ್ತಾರೆ. ಮಾಡಿಸದಿದ್ದರೆ ದಂಡ ಬೀಳುತ್ತದೆ, ಲಾರಿ ನಿಲ್ಲುತ್ತದೆ, ಕೆಲಸ ನಿಲ್ಲುತ್ತದೆ. ಆದರೆ ಒಂದು ಕಾಗದದ ಬಗ್ಗೆ ಮಾತ್ರ ಯಾರೂ ಗೊಣಗುವುದಿಲ್ಲ. ಯಾಕೆಂದರೆ ಅದನ್ನು ಕೊಡುವವರೇ ಕಡಿಮೆ. ಗೋಡೆ ಕಟ್ಟಿದ ಕೈಯ ಕಾಗದ ಅದು. 'ಈ ಮನುಷ್ಯ ನನ್ನ ಕಟ್ಟಡದ ಮೇಲೆ ಇಷ್ಟು ದಿನ ದುಡಿದಿದ್ದಾನೆ' ಎಂಬ ನಾಲ್ಕು ಸಾಲು, ಕೆಳಗೆ ಒಂದು ಸಹಿ. ಖರ್ಚಿಲ್ಲ, ಶುಲ್ಕವಿಲ್ಲ. ಆದರೂ ಸಿಗುವುದು ಕಷ್ಟ.

ಬಾದಾಮಿಯ ಗುಡ್ಡದ ಬುಡದಿಂದ ಇಳಕಲ್ಲಿನ ಖಣಿಯವರೆಗೆ ಒಂದು ಗೋಡೆಯ ಜಾಡು ಹಿಡಿದು ಹೋದರೆ ಯಾವ ಕಾಯಿದೆ ಎಲ್ಲಿ ಗಟ್ಟಿ, ಎಲ್ಲಿ ಸಡಿಲು ಎಂಬುದು ತಾನಾಗಿ ತಿಳಿಯುತ್ತದೆ.

ಬಾದಾಮಿ: ನೂರು ಮೀಟರಿನ ಗೆರೆ

ಮೊದಲು ಜಾಗದ ಮಾತು. ಜಿಲ್ಲೆಯಲ್ಲಿ ಜಾಗದ ಕಾಯಿದೆ ಎಲ್ಲಕ್ಕಿಂತ ಬಿಗಿಯಾಗಿ ಹಿಡಿದಿರುವುದು ಬಾದಾಮಿಯನ್ನು. ಚಾಲುಕ್ಯರ ಮಂಗಳೇಶ ಮೂರನೆಯ ಗುಹೆಯ ಶಾಸನ ಬರೆಯಿಸಿದ್ದು ಕ್ರಿ.ಶ. 578ರಲ್ಲಿ. ಅವನಿಗೆ ಪುರಸಭೆಯ ಪರವಾನಗಿ ಬೇಕಾಗಿರಲಿಲ್ಲ. ಅವನು ಕೊರೆಯಿಸಿದ ಗುಹೆಯ ಸನಿಹ ಇಂದು ಒಂದು ಪಡಸಾಲೆ ಮುಂದೆ ಚಾಚಬೇಕಾದರೆ ದಿಲ್ಲಿಯ ಕಾಯಿದೆ ಅಡ್ಡ ಬರುತ್ತದೆ.

ಅದರ ಬೇರು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಲ್ಲಿದೆ. 1992ರ ಜೂನ್ 16ರ ಅಧಿಸೂಚನೆ ಗೆರೆ ಎಳೆಯಿತು. 2010ರ ತಿದ್ದುಪಡಿ ಆ ಗೆರೆಯನ್ನು ಗಟ್ಟಿ ಮಾಡಿತು. ಸಂರಕ್ಷಿತ ಜಾಗದ ಅಂಚಿನಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. ಅಲ್ಲಿಂದ ಮುಂದೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಪಡೆದು ಕಟ್ಟಬೇಕು. ಅಳತೆ ಶುರುವಾಗುವುದು ಗುಡಿಯ ಗೋಡೆಯಿಂದ ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ, ಸಂರಕ್ಷಿತ ಅಂತ ಗುರುತು ಮಾಡಿದ ಇಡೀ ಜಾಗದ ಗಡಿಯಿಂದ ಶುರು. ತಪ್ಪಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಹಾಗಾದರೆ ನಿಷೇಧಿತ ಪ್ರದೇಶದಲ್ಲಿ ಹಳೆಯ ಮನೆ ಇದ್ದವರು ಏನು ಮಾಡಬೇಕು? ಮಾಳಿಗೆ ಸೋರಿದರೆ ಸುಮ್ಮನೆ ಕೂಡಬೇಕೇ? ಕಾಯಿದೆ ಅಷ್ಟು ನಿರ್ದಯಿಯೂ ಅಲ್ಲ. 1992ರ ಜೂನ್ 16ಕ್ಕಿಂತ ಮೊದಲಿನ ಮನೆಯಾಗಿದ್ದರೆ, ಅಥವಾ ಆಮೇಲೆ ಸರಿಯಾದ ಒಪ್ಪಿಗೆ ಪಡೆದು ಕಟ್ಟಿದ್ದರೆ, ದುರಸ್ತಿಗೆ ಸಕ್ಷಮ ಅಧಿಕಾರಿಗೆ ಅರ್ಜಿ ಹಾಕಬಹುದು. ಮನೆ ಹಳೆಯದು ಅಂತ ತೋರಿಸುವ ಉತಾರೆ, ಕರದ ಪಾವತಿ, ಹಳೆ ಕರೆಂಟ್ ಬಿಲ್ಲು ಕಾಯ್ದಿಟ್ಟವರು ಗೆದ್ದರು. ಕಸದ ಬುಟ್ಟಿಗೆ ಹಾಕಿದವರು ಅಲೆದಾಡುತ್ತಾರೆ.

ಇದರಿಂದ ಕಷ್ಟ ಇದೆ, ಇಲ್ಲ ಅನ್ನಲಾಗದು. ಐಹೊಳೆಯಲ್ಲಿ ಜನ ಗುಡಿಗಳೊಳಗೇ ಸಂಸಾರ ಹೂಡಿದ್ದ ಕಾಲವಿತ್ತು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಿದ್ದವನಿಂದ. ಊರು ಮತ್ತು ಸ್ಮಾರಕ ಒಂದರೊಳಗೊಂದು ಹೆಣೆದುಕೊಂಡಿರುವಲ್ಲಿ ಗೆರೆ ಎಳೆದರೆ ಅದು ಯಾರದೋ ಅಡಿಗೆಮನೆಯ ನಡುವೆ ಹಾಯುತ್ತದೆ. ಏನೇ ಇರಲಿ, ಬಾದಾಮಿಯಲ್ಲಿ ಒಂದಂತೂ ಸ್ಪಷ್ಟ. ಕಲ್ಲಿನ ಗುಹೆಗೆ ಕಾವಲಿದೆ, ಅಳತೆ ಇದೆ, ಶಿಕ್ಷೆ ಇದೆ.

ಬಾಗಲಕೋಟೆ: ನೀರು ಎತ್ತಿಸಿದ ಊರು

ಬಾಗಲಕೋಟೆಯ ಕಥೆ ಬೇರೆ. ಇಲ್ಲಿ ಗೆರೆ ಎಳೆದದ್ದು ನೀರು. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ನೀರು 519.6 ಮೀಟರಿಗೆ ನಿಲ್ಲುವ ಹೊತ್ತಿಗೆ ಘಟಪ್ರಭೆಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳಿಗೆ ಬಂದಿತ್ತು. ಊರೇ ಎದ್ದು ಹೋಗಬೇಕಾಯಿತು. ಹಾಗೆ ಹುಟ್ಟಿದ್ದು ನವನಗರ. ಅದರ ಯೋಜನೆಗೆ ಕೈ ಹಾಕಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಸೆಕ್ಟರು, ಅಗಲ ರಸ್ತೆ, ಲೆಕ್ಕ ಹಾಕಿದ ನಿವೇಶನ, ಎಲ್ಲ ನಕ್ಷೆಯ ಮೇಲೆ ಮೊದಲೇ ಬರೆದಿಟ್ಟ ಊರು. ಪಟ್ಟಣಾಭಿವೃದ್ಧಿ ಪ್ರಾಧಿಕಾರದ ಹೆಸರು ಬಾಗಲಕೋಟೆಯಲ್ಲಿ ಮಕ್ಕಳಿಗೂ ಗೊತ್ತು.

ಈ ಕಟ್ಟೋಣ ಮುಗಿದಿಲ್ಲ. ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸುವ ಮೂರನೆಯ ಹಂತ ಬಾಕಿ ಇದೆ. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಪರಿಹಾರ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ನೀರು ಏರಿದರೆ ಮತ್ತೆ ಸಾವಿರಾರು ಮನೆ ಏಳಬೇಕು. ಮತ್ತೆ ಕಲ್ಲು, ಮತ್ತೆ ಉಸುಕು, ಮತ್ತೆ ಗೌಂಡಿ. ಹಾಗಾಗಿ ಈ ಕಾಯಿದೆಗಳ ಮಾತು ಹಳೆಯ ಪುರಾಣವಲ್ಲ, ನಾಳಿನ ಜೇಬಿನ ವಿಚಾರ.

ನಕ್ಷೆ ಪಾಸಾದರೆ ಎಲ್ಲ ಮುಗಿಯಿತೇ? ಧಾರವಾಡದ ಕುಮಾರೇಶ್ವರ ನಗರವನ್ನು ನೆನೆದರೆ ಸಾಕು. 2019ರ ಮಾರ್ಚ್ 19ರಂದು ಅಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಹಗಲು ಹೊತ್ತಿನಲ್ಲೇ ಕುಸಿದು 19 ಜನ ಸತ್ತರು. ನಕ್ಷೆ ಕಪಾಟಿನಲ್ಲಿರುತ್ತದೆ, ಭಾರ ಕಂಬದ ಮೇಲಿರುತ್ತದೆ. ನಡುವೆ ನಿಂತು ನೋಡುವವರು ಇಲ್ಲದಿದ್ದರೆ ಪಾಸಾದ ಕಾಗದಕ್ಕೆ ಬೆಲೆಯಿಲ್ಲ.

ಈಚೆಗೆ ಇನ್ನೊಂದು ಬಿಗಿ ಬಂದಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ನಕ್ಷೆಯ ಪ್ರಕಾರ ಕಟ್ಟಡ ಮುಗಿದಿದೆ ಎಂಬ ಪ್ರಮಾಣಪತ್ರ ಇಲ್ಲದೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಕೂಡದು ಎಂದಿತು. ಅದರ ಬಿಸಿ ನಮ್ಮ ರಾಜ್ಯದಲ್ಲಿ ಜೋರಾಗಿಯೇ ತಟ್ಟಿತು. 2025ರಲ್ಲಿ ಸರಕಾರ ಸಣ್ಣ ನಿವೇಶನದ ಮನೆಗಳಿಗೆ ರಿಯಾಯಿತಿ ತೋರಿಸಿತು. ದೊಡ್ಡ ಕಟ್ಟಡದವರಿಗೆ ತೀರ್ಪು ತೀರ್ಪೇ. 20,000 ಚದರ ಮೀಟರಿಗಿಂತ ಹೆಚ್ಚು ಕಟ್ಟುವವರಿಗೆ 2006ರ ಅಧಿಸೂಚನೆಯಂತೆ ಪರಿಸರದ ಪೂರ್ವಾನುಮತಿಯೂ ಬೇಕು. ಪೇಟೆಯ ಸಾಮಾನ್ಯ ಅಂಗಡಿಗೆ ಅದರ ಗೊಡವೆಯಿಲ್ಲ.

ಇಳಕಲ್: ಕೆಂಪು ಕಲ್ಲಿನ ಬೆಲೆ

ಈಗ ಕಲ್ಲಿಗೆ ಬರೋಣ. ಇಳಕಲ್ ಅಂದರೆ ಊರ ಹೆಂಗಸರಿಗೆ ಸೀರೆ ನೆನಪಾಗುತ್ತದೆ, ಕಟ್ಟಡದವರಿಗೆ ಕಲ್ಲು ನೆನಪಾಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಹೊರದೇಶದಲ್ಲೂ ಹೆಸರಿದೆ. ಹಳೆಯ 13ನೆಯ, ಈಗಿನ 50ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಹುನಗುಂದ, ಇಳಕಲ್ ದಾಟುವ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಕಲ್ಲು ಹೇರಿದ ಲಾರಿಗಳ ಪರಿಚಯ ಉಂಟು.

ಕಲ್ಲು ನೆಲದಿಂದ ಏಳುವ ಮೊದಲೇ ಕಾಯಿದೆ ಶುರುವಾಗುತ್ತದೆ. ಗ್ರಾನೈಟು, ಖಡಿ, ಉಸುಕು ಇವು ಕಾಯಿದೆಯ ಭಾಷೆಯಲ್ಲಿ 'ಉಪಖನಿಜ'. ಗುತ್ತಿಗೆ ಕೊಡುವುದು ರಾಜ್ಯ ಸರಕಾರ, 1994ರ ನಿಯಮಗಳ ಪ್ರಕಾರ. ಮೊದಲು ಐದು ಹೆಕ್ಟೇರಿಗಿಂತ ಸಣ್ಣ ಖಣಿಗಳಿಗೆ ಪರಿಸರ ಅನುಮತಿಯ ಕಟ್ಟು ಇರಲಿಲ್ಲ. ಇದರ ಲಾಭ ಪಡೆದು ದೊಡ್ಡ ಗುಡ್ಡವನ್ನು ಸಣ್ಣ ಸಣ್ಣ ತುಂಡು ಮಾಡಿ ಗುತ್ತಿಗೆ ಹಿಡಿಯುವ ಚಾಳಿ ದೇಶದ ತುಂಬ ಬೆಳೆದಿತ್ತು. 2012ರ ಫೆಬ್ರವರಿ 27ರಂದು ಹರಿಯಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ಮುಚ್ಚಿತು. ಐದು ಹೆಕ್ಟೇರಿನೊಳಗಿನ ಖಣಿಗೂ, ಗುತ್ತಿಗೆ ನವೀಕರಣಕ್ಕೂ ಪರಿಸರ ಅನುಮತಿ ಬೇಕು ಅಂತ ಹೇಳಿತು.

2016ರ ಜನವರಿಯಲ್ಲಿ ಕೇಂದ್ರ ಸರಕಾರ ಸಣ್ಣ ಖಣಿಗಳ ಅನುಮತಿಯನ್ನು ಜಿಲ್ಲೆಯ ಮಟ್ಟಕ್ಕೆ ಇಳಿಸಿತು. ಜಿಲ್ಲಾಧಿಕಾರಿಗಳೇ ಅದಕ್ಕೆ ಮುಖ್ಯಸ್ಥರು. 2018ರ ಸೆಪ್ಟೆಂಬರ್ 13ರಂದು ಹಸಿರು ನ್ಯಾಯಮಂಡಳಿ ಇದು ಸಡಿಲವಾಯಿತೆಂದು ಆಕ್ಷೇಪ ಎತ್ತಿತು. ಕಡತಗಳು ಮತ್ತೆ ರಾಜ್ಯದ ಪ್ರಾಧಿಕಾರಕ್ಕೆ ಹತ್ತಿದವು. ಖಣಿ ಮಾಲೀಕರಿಗೆ ಇದೊಂದು ಓಡಾಟ. ಊರವರಿಗೆ ಮಾತ್ರ ಇದರಲ್ಲಿ ಒಂದು ಹಿತ ಅಡಗಿದೆ. ಅನುಮತಿ ಪತ್ರದಲ್ಲಿ ಧೂಳಿಗೆ ನೀರು ಸಿಂಪಡಿಸುವುದರಿಂದ ಹಿಡಿದು, ಕೆಲಸ ಮುಗಿದ ಮೇಲೆ ತೆಗ್ಗು ಏನು ಮಾಡಬೇಕು ಎಂಬವರೆಗೆ ಷರತ್ತು ಇರುತ್ತವೆ. ಅದು ಗುಟ್ಟಿನ ಕಾಗದವಲ್ಲ, ಊರವರು ಕೇಳಿ ಪಡೆಯಬಹುದು. ಖಡಿ ಮಾಡುವ ಕ್ರಷರುಗಳಿಗೆ 2011ರ ಪ್ರತ್ಯೇಕ ಕಾಯಿದೆಯೇ ಇದೆ. 'ಸುರಕ್ಷಿತ ವಲಯ' ಅಂತ ಗುರುತು ಮಾಡಿದಲ್ಲೇ ಅವು ಇರಬೇಕು.

ಸ್ಫೋಟಕದ ಮಾತು ಬೇರೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟವಾಗಿ ಸುತ್ತಲಿನ ಜಿಲ್ಲೆಗಳೆಲ್ಲ ನಡುಗಿದವು. ತಿಂಗಳು ತುಂಬುತ್ತಲೇ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಎರಡೂ ಕಲ್ಲಿನ ಧಂದೆಯ ಸ್ಫೋಟಕಗಳೇ.

ಒಂದೇ ಕಲ್ಲು, ಮೂರು ಮನೆ

ಇಲ್ಲಿಂದ ಮುಂದೆ ಕಥೆ ಕಲ್ಲಿನಿಂದ ಕೈಗೆ ಹೊರಳುತ್ತದೆ. ಒಂದು ಕಲ್ಲು ಖಣಿಯಿಂದ ಹೊರಟು ನವನಗರದ ಒಂದು ಮನೆಯ ಮೆಟ್ಟಿಲಾಗುವವರೆಗೆ ಮೂರು ಜನರ ಕೈ ದಾಟುತ್ತದೆ ಅನ್ನೋಣ. ಖಣಿಯಲ್ಲಿ ತೂತು ಕೊರೆದು ಎಬ್ಬಿಸಿದವನು ಒಬ್ಬ. ಪಾಲಿಶ್ ಘಟಕದಲ್ಲಿ ಕೊಯ್ದು ಹೊಳಪು ಕೊಟ್ಟವನು ಇನ್ನೊಬ್ಬ. ಮನೆಯ ಮುಂದೆ ಕೂಡಿಸಿದ ಗೌಂಡಿ ಮೂರನೆಯವನು.

ಮೂವರ ಮೂಗಿಗೂ ಒಂದೇ ಕಲ್ಲಿನ ಧೂಳು. ಆದರೆ ಕಾಯಿದೆಯ ಕಣ್ಣಿಗೆ ಮೂವರೂ ಬೇರೆ ಬೇರೆ. ಮೊದಲನೆಯವನು ಗಣಿ ಕಾರ್ಮಿಕ. 1952ರ ಗಣಿ ಕಾಯಿದೆ ಅವನದು, ನೋಡಿಕೊಳ್ಳುವವರು ಕೇಂದ್ರದವರು, ಅವರ ಮುಖ್ಯ ಕಚೇರಿ ಧನಬಾದಿನಲ್ಲಿ. ಎರಡನೆಯವನು ಕಾರ್ಖಾನೆ ಕಾರ್ಮಿಕ, 1948ರ ಕಾಯಿದೆ. ಮೂರನೆಯವನು ಕಟ್ಟಡ ಕಾರ್ಮಿಕ, 1996ರ ಕಾಯಿದೆ. ಕಟ್ಟಡ ಕಾರ್ಮಿಕರ ಕಾಯಿದೆಯ ವ್ಯಾಖ್ಯೆ ಗಣಿ ಮತ್ತು ಕಾರ್ಖಾನೆಯ ಕೆಲಸವನ್ನು ಮೊದಲೇ ಹೊರಗಿಟ್ಟಿತ್ತು. ಅಂದರೆ ಆರು ತಿಂಗಳು ಖಣಿಯಲ್ಲಿ ದುಡಿದು, ಆಮೇಲೆ ಎರಡು ತಿಂಗಳು ಗೌಂಡಿಯ ಕೈಕೆಳಗೆ ದುಡಿದವನಿಗೆ ಎಂಟು ತಿಂಗಳ ಬೆವರು ಹರಿದಿದ್ದರೂ ಕಟ್ಟಡದ ಲೆಕ್ಕಕ್ಕೆ ಎರಡೇ ತಿಂಗಳು.

ಗಣಿ ಕಾಯಿದೆಯಲ್ಲೂ ಒಂದು ಕಿಂಡಿ ಇತ್ತು. ಆರು ಮೀಟರಿಗಿಂತ ಆಳವಿಲ್ಲದ, ದಿನಕ್ಕೆ 50ಕ್ಕಿಂತ ಹೆಚ್ಚು ಆಳಿಲ್ಲದ, ಮದ್ದು ಹಾರಿಸದ ತೆರೆದ ಕಲ್ಲುಖಣಿಗಳಿಗೆ ಅದರ ಹೆಚ್ಚಿನ ಕಲಮುಗಳಿಂದ ವಿನಾಯಿತಿ. ಉಳಿದ ಖಣಿಗಳಲ್ಲಿ ಗೋಡೆಯನ್ನು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಕೊರೆಯುವಾಗ ನೀರು ಹಾಯಿಸಿ ಧೂಳು ಅಡಗಿಸಬೇಕು, ಆಳುಗಳಿಗೆ ಐದು ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಮಾಡಿಸಬೇಕು.

ಈ ನೀರು ಹಾಯಿಸುವ ನಿಯಮ ಯಾಕೆ ಅಂತ ತಿಳಿಯಬೇಕಾದರೆ ಧೂಳಿನ ಗುಣ ತಿಳಿಯಬೇಕು. ಗ್ರಾನೈಟಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಬಾದಾಮಿ ಕಡೆಯ ಮರಳುಗಲ್ಲಿನಲ್ಲಿ, ಸಿಲಿಕಾ ಇದೆ. ಕಣ್ಣಿಗೆ ಕಾಣುವ ಧೂಳು ಮೂಗು, ಗಂಟಲಲ್ಲಿ ನಿಂತು ಸೀನಿದರೆ ಹೊರಗೆ ಬೀಳುತ್ತದೆ. ಕಣ್ಣಿಗೆ ಕಾಣದ ಪುಡಿ ಪುಪ್ಪುಸದ ತುದಿಯವರೆಗೆ ಇಳಿದು ಅಲ್ಲೇ ಕೂತು ಗಾಯ ಮಾಡುತ್ತದೆ. ಗಾಯ ಮಾಗಿ ಗಟ್ಟಿಯಾಗುತ್ತದೆ, ಉಸಿರು ಗಿಡ್ಡಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಗುಣಪಡಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಬೆಳೆಯುತ್ತದೆ. ಕ್ಷಯದ ಹಾಗೆಯೇ ಕೆಮ್ಮು, ಸೊರಗು ಇರುವುದರಿಂದ ಕ್ಷಯ ಅಂತಲೇ ಔಷಧಿ ನಡೆಯುವುದು ಉಂಟು. ಸಿಲಿಕಾ ಹಿಡಿದ ಪುಪ್ಪುಸಕ್ಕೆ ಕ್ಷಯವೂ ಬೇಗ ಹತ್ತುತ್ತದೆ.

'ಬಾಯಿಗೆ ವಸ್ತ್ರಾ ಕಟ್ಟಿಕೊಂಡೀನ್ರೀ' ಎಂದರೆ ಸಾಲದು. ಬಟ್ಟೆ ತಡೆಯುವುದು ದಪ್ಪ ಧೂಳನ್ನು. ಕೊಲ್ಲುವ ಧೂಳು ಬಟ್ಟೆಯ ಕಣ್ಣಿನೊಳಗಿಂದ ಹಾಯುತ್ತದೆ. ನೀರು ಹಾಯಿಸುವುದೇ ಮೊದಲ ಮದ್ದು.

ಕಾಯಿದೆಯಲ್ಲಿ ಸಿಲಿಕೋಸಿಸ್ ಉದ್ಯೋಗದಿಂದ ಬರುವ ಕಾಯಿಲೆ ಅಂತ ಪಟ್ಟಿಯಾಗಿದೆ, ಪರಿಹಾರ ಕೇಳಬಹುದು. ಕೇಳುವವನು ಮಾತ್ರ ಯಾವ ಖಣಿಯಲ್ಲಿ ಎಷ್ಟು ವರ್ಷ ದುಡಿದ ಅಂತ ತೋರಿಸಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನು ಏನು ತೋರಿಸಿಯಾನು? ರಾಜಸ್ಥಾನದ ಮರಳುಗಲ್ಲಿನ ಖಣಿಗಳಲ್ಲಿ ಇದೇ ಗೋಳು ಇತ್ತು. 2019ರಲ್ಲಿ ಅಲ್ಲಿಯ ಸರಕಾರ ಒಂದು ನೀತಿ ತಂದಿತು. ಕಾಯಿಲೆ ದೃಢಪಟ್ಟರೆ ಮೂರು ಲಕ್ಷ, ಸತ್ತರೆ ಮನೆಯವರಿಗೆ ಇನ್ನೂ ಎರಡು ಲಕ್ಷ. ನಮ್ಮಲ್ಲಿ ಖಣಿಗಾರಿಕೆಯ ಹಣದಿಂದ ನಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಅದರ ಆದ್ಯತೆಯ ಪಟ್ಟಿಯಲ್ಲಿ ಆರೋಗ್ಯ, ಕುಡಿಯುವ ನೀರು ಮೇಲಿನ ಸಾಲಿನಲ್ಲೇ ಇವೆ. ಖಣಿಯ ಆಳುಗಳ ಎದೆಯ ತಪಾಸಣೆಗೆ ಅದಕ್ಕಿಂತ ಸರಿಯಾದ ಗಂಟು ಇನ್ನಾವುದು?

ತೊಂಬತ್ತು ದಿನದ ಲೆಕ್ಕ

ಇನ್ನು ಉಳಿದವನು ಗೌಂಡಿ, ಅವನ ಕೈಕೆಳಗಿನ ಆಳು, ಗಾರೆ ಹೊರುವ ಹೆಣ್ಣಾಳು. ಇವರಿಗಾಗಿ ಕರ್ನಾಟಕದಲ್ಲಿ 2007ರಿಂದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಅದರ ಗಂಟು ತುಂಬುವುದು ಸೆಸ್ಸಿನಿಂದ. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದು ರೂಪಾಯಿ. ಮಕ್ಕಳ ಓದಿಗೆ, ಮದುವೆಗೆ, ಹೆರಿಗೆಗೆ, ಆಸ್ಪತ್ರೆಗೆ, ಅಪಘಾತಕ್ಕೆ, 60 ದಾಟಿದ ಮೇಲೆ ಪಿಂಚಣಿಗೆ ಇದರಿಂದ ನೆರವು.

ಹಣ ಇಲ್ಲ ಅನ್ನುವಂತಿಲ್ಲ. ದೇಶದ ಎಲ್ಲ ಮಂಡಳಿಗಳಲ್ಲಿ ಸಾವಿರಾರು ಕೋಟಿ ಕೊಳೆಯುತ್ತಿದೆ ಅಂತ ಸುಪ್ರೀಂ ಕೋರ್ಟೇ 2018ರ ಮಾರ್ಚ್ 19ರ ತೀರ್ಪಿನಲ್ಲಿ ಕಟುವಾಗಿ ಹೇಳಿತು. ಆ ಮೊಕದ್ದಮೆಯಲ್ಲಿ ಕಾರ್ಮಿಕರ ಹಣದಿಂದ ಲ್ಯಾಪ್‌ಟಾಪ್, ಬಟ್ಟೆ ಒಗೆಯುವ ಯಂತ್ರ ಕೊಂಡ ಸಂಗತಿಯೂ ಬಯಲಾಯಿತು.

ಈ ಗಂಟಿಗೆ ಕೀಲಿಕೈ ಯಾವುದು? ಲೇಬರ್ ಕಾರ್ಡು. ಅದು ಸಿಗಬೇಕಾದರೆ ವಯಸ್ಸು 18 ರಿಂದ 60ರೊಳಗೆ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ. ಆ 90 ದಿನಕ್ಕೆ ಸಾಕ್ಷಿ ಬೇಕು. ಸಾಕ್ಷಿ ಹೇಳಬೇಕಾದವರು ಕೆಲಸ ಕೊಟ್ಟ ಮಾಲೀಕರು ಇಲ್ಲವೇ ಗುತ್ತಿಗೆದಾರರು. ಅವರು ಒಲ್ಲೆನೆಂದರೆ ನೋಂದಾಯಿತ ಸಂಘ, ಕಾರ್ಮಿಕ ನಿರೀಕ್ಷಕರು, ಹಳ್ಳಿಯಲ್ಲಿ ಪಿಡಿಒ ಹೀಗೆ ಬೇರೆ ದಾರಿಗಳಿವೆ. ಮೊದಲ ಬಾಗಿಲು ಮುಚ್ಚಿದಾಗಲೇ ದಲ್ಲಾಳಿ ಬರುತ್ತಾನೆ. ರೊಕ್ಕ ಕೊಟ್ಟವನಿಗೆ, ಕರಣಿ ಹಿಡಿಯದವನಿಗೂ ಕಾರ್ಡು. ನಕಲಿ ಕಾರ್ಡುಗಳ ಗದ್ದಲ ರಾಜ್ಯದಲ್ಲಿ ದೊಡ್ಡದಾಗಿಯೇ ಎದ್ದಿತು, ಕಾರ್ಮಿಕ ಇಲಾಖೆ ಅವನ್ನು ಹುಡುಕಿ ರದ್ದು ಮಾಡಬೇಕಾಯಿತು. ಆಮೇಲೆ ತಪಾಸಣೆ ಬಿಗಿಯಾಯಿತು. ಬಿಗಿಯಾದಷ್ಟೂ ಖರೆ ಗೌಂಡಿಗೆ ಖರೆ ಸಹಿಯ ಗರಜು ಹೆಚ್ಚಾಯಿತು.

ಅಂಗಡಿಯ ಮೇಲೆ ಮಾಳಿಗೆ ಏರಿಸಿದ ಸಾವಕಾರರನ್ನು ಸಹಿ ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ. 'ಯಾಕ್ ಬೇಕೋ ತಮ್ಮಾ ಅದೆಲ್ಲಾ, ಪಗಾರ ಮುಟ್ಟೇದಿಲ್ಲೋ?' ಒಳಗಿನ ಹೆದರಿಕೆ ಬೇರೆ. ಸಹಿ ಹಾಕಿದರೆ ಸೆಸ್ಸು ಬೀಳುತ್ತದೆ, ನೋಟೀಸು ಬರುತ್ತದೆ ಎಂಬ ಅನುಮಾನ. ಇದಕ್ಕೆ ಬುಡವಿಲ್ಲ. ಸೆಸ್ಸು ಬೀಳುವುದು ಕಟ್ಟಡದ ವೆಚ್ಚ ನೋಡಿ. ನಗರಸಭೆ, ಪುರಸಭೆಯಲ್ಲಿ ನಕ್ಷೆ ಮಂಜೂರಾಗುವ ಹೊತ್ತಿಗೇ ಅದರ ಲೆಕ್ಕ ಆಗುತ್ತದೆ. ಗೌಂಡಿಯ ಕಾಗದಕ್ಕೆ ಸಹಿ ಹಾಕಿದ್ದಕ್ಕೆ ಅದು ಒಂದು ರೂಪಾಯಿ ಏರುವುದಿಲ್ಲ, ಹಾಕದ್ದಕ್ಕೆ ಇಳಿಯುವುದೂ ಇಲ್ಲ. ದುಡಿಯದವನಿಗೆ ದುಡಿದಿದ್ದಾನೆ ಅಂತ ಸಹಿ ಹಾಕಿದರೆ ಮಾತ್ರ ತಪ್ಪು.

ಹೆಣ್ಣಾಳಿನ ಪಾಡು ಇನ್ನೂ ಕಡೆ. ಗಂಡ ಹೆಂಡಿರು ಕೂಡಿ ದುಡಿದರೆ ಜೋಡಿ ಲೆಕ್ಕ, ಹಾಜರಿಯಲ್ಲಿ ಗಂಡನ ಹೆಸರೊಂದೇ. ಅವಳ 90 ದಿನ ಎಲ್ಲಿ ಹೋಯಿತು? ಗಂಡಿಗೂ ಹೆಣ್ಣಿಗೂ ಸಮಾನ ಪಗಾರ ಅಂತ 1976ರಲ್ಲೇ ಕಾಯಿದೆ ಆಯಿತು. ಅದರ ಮಾತು ಈಗ ವೇತನ ಸಂಹಿತೆಯೊಳಗೂ ಇದೆ. ಬಟವಾಡೆಯ ದಿನ ಬುಟ್ಟಿ ಹೊತ್ತವಳ ಕೈಗೆ ಎಷ್ಟು ಬಿತ್ತು ಅಂತ ಕೇಳಿದರೆ ಕಾಯಿದೆ ಎಷ್ಟು ದೂರ ನಡೆದಿದೆ ಅಂತ ತಿಳಿಯುತ್ತದೆ.

ಗುಳೆ ಹೋದವರ ಲೆಕ್ಕ

ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದು ಹೊಸದಲ್ಲ. ಬುತ್ತಿ ಗಂಟು, ಕೂಸು, ಚಾಪೆ ಸಮೇತ ರಾತ್ರಿ ಬಸ್ಸು ಹತ್ತುವವರನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡದವರು ಯಾರು? ರಾಜ್ಯದೊಳಗೆ ದುಡಿದರೆ ನಮ್ಮದೇ ಮಂಡಳಿ. ಗೋವಾಕ್ಕೆ ಹೋದರೆ ಮಂಡಳಿಯೇ ಬೇರೆ. ಇಲ್ಲಿಯ ಕಾರ್ಡು ನವೀಕರಿಸಲು ಇಲ್ಲಿ ದುಡಿದ ದಿನ ಇಲ್ಲ, ಅಲ್ಲಿ ಕಾರ್ಡು ಮಾಡಿಸಲು ಅಲ್ಲಿಯ ಕಾಗದ ಇಲ್ಲ. ಹೀಗೆ ಎರಡು ರಾಜ್ಯದ ಗೋಡೆ ಕಟ್ಟಿದವನು ಎರಡೂ ಕಡೆ ಹೊರಗೆ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಗುತ್ತಿಗೆದಾರನ ಮೂಲಕ ಹೋದವರಿಗೆ ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ ಎರಡನ್ನೂ ಹೇಳಿತ್ತು. ಕೊಟ್ಟವರು ಕಡಿಮೆ, ಕೇಳಿದವರು ಇನ್ನೂ ಕಡಿಮೆ.

ಹೊಸ ಸಂಹಿತೆ, ಹೊಸ ಪ್ರಶ್ನೆ

2025ರ ನವೆಂಬರ್ 21ರಿಂದ ಈ ಹಳೆ ಕಾಯಿದೆಗಳ ಹೆಸರೇ ಬದಲಾಗಿದೆ. ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಗಣಿ, ಕಾರ್ಖಾನೆ, ಕಟ್ಟಡ, ವಲಸೆ ಕಾರ್ಮಿಕರ ಸುರಕ್ಷತೆಯ ಕಾಯಿದೆಗಳೆಲ್ಲ ಒಂದು ಸಂಹಿತೆಯಲ್ಲಿ ಕರಗಿದವು. ಸೆಸ್ಸು, ಮಂಡಳಿ, ಅಪಘಾತ ಪರಿಹಾರ ಸಾಮಾಜಿಕ ಭದ್ರತೆಯ ಸಂಹಿತೆಗೆ ಹೋದವು. ಹಳೆಯ ನಿಯಮಗಳು ಹೊಸದಕ್ಕೆ ವಿರುದ್ಧ ಇಲ್ಲದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಕಾರ್ಮಿಕ ಸಂಘಗಳು ಇವನ್ನು ವಿರೋಧಿಸಿವೆ, ಉದ್ಯಮಿಗಳು ಸ್ವಾಗತಿಸಿದ್ದಾರೆ. ಅದು ದೊಡ್ಡವರ ಜಗಳ. ನಮ್ಮ ಪೇಟೆಗೆ ತಟ್ಟುವ ಮಾತು ಮೂರೇ.

ಒಂದು, ಗುಳೆ ಹೋದವರಿಗೆ ಒಳ್ಳೆಯದು. ಬೇರೆ ರಾಜ್ಯಕ್ಕೆ ಹೋದ ಕಟ್ಟಡ ಕಾರ್ಮಿಕನಿಗೆ ಅವನು ಆಗ ದುಡಿಯುತ್ತಿರುವ ರಾಜ್ಯದ ಮಂಡಳಿಯೇ ಸವಲತ್ತು ಕೊಡಬೇಕು ಎಂದಿದೆ. ತಾನಾಗಿ ಹೋದವನೂ ವಲಸೆ ಕಾರ್ಮಿಕನೇ. ಸ್ಥಳಾಂತರ ಭತ್ಯೆ ಮಾತ್ರ ಬಿದ್ದುಹೋಯಿತು.

ಎರಡು, ಪಾಲಿಶ್ ಘಟಕ. ಮೊದಲು ಕರೆಂಟಿನ ಮೇಲೆ ನಡೆಯುವ ಘಟಕಕ್ಕೆ 10 ಆಳಾದರೆ ಅದು ಕಾರ್ಖಾನೆ. ಈಗ 20 ಆಗಬೇಕು.

ಮೂರು, ಮನೆ ಕಟ್ಟಿಸುವವರಿಗೆ ಖುಷಿ, ಕಟ್ಟುವವರಿಗೆ ಚಿಂತೆ. ಮೊದಲು ಸ್ವಂತ ವಾಸದ ಮನೆಗೆ 10 ಲಕ್ಷದವರೆಗೆ ವಿನಾಯಿತಿ ಇತ್ತು. ಈಗ 50 ಲಕ್ಷ. ಹತ್ತಕ್ಕಿಂತ ಕಡಿಮೆ ಆಳಿನ ಕೆಲಸವೂ ಹೊರಗೆ. ಈ ವಿನಾಯಿತಿಯನ್ನು 'ಕಟ್ಟಡದ ಕೆಲಸ' ಎಂಬ ಮಾತಿನ ಅರ್ಥದೊಳಗೇ ಸೇರಿಸಿಬಿಟ್ಟಿದ್ದಾರೆ. ಬಿಗಿಯಾಗಿ ಓದಿದರೆ ಸಣ್ಣ ಮನೆಯ ಗೋಡೆ ಕಟ್ಟಿದ್ದು 'ಕಟ್ಟಡದ ಕೆಲಸ'ವೇ ಅಲ್ಲ ಅಂತಾಗುತ್ತದೆ. ಹಾಗಾದರೆ ಆ ದಿನಗಳು 90ರ ಲೆಕ್ಕಕ್ಕೆ ಬರುತ್ತವೆಯೇ? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಂಥ ಊರುಗಳಲ್ಲಿ ಗೌಂಡಿಗಳ ಅನ್ನವೇ ಸಣ್ಣ ಮನೆ, ಸಣ್ಣ ಅಂಗಡಿ. ಇಲ್ಲಿ ಏಳೆಂಟು ಆಳಿನ ಕೆಲಸವೇ ದೊಡ್ಡ ಕೆಲಸ. ಮಾಲೀಕನ ಹೊರೆ ಇಳಿಸಲು ಹೋಗಿ ಗೌಂಡಿಯ ಲೆಕ್ಕವನ್ನೇ ಅಳಿಸಿದಂತಾದರೆ ಅದು ಸರಿಯಲ್ಲ. ರಾಜ್ಯ ಸರಕಾರ, ಕಲ್ಯಾಣ ಮಂಡಳಿ ಇದನ್ನು ಬಿಡಿಸಿ ಹೇಳಬೇಕು. ಸಣ್ಣ ಮನೆಯ ಮೇಲೆ ದುಡಿದ ದಿನವೂ ದಿನವೇ ಅಂತ ಎಲ್ಲರಿಗೂ ತಿಳಿಯುವ ಹಾಗೆ ಬರೆದು ಹೊರಡಿಸಬೇಕು.

ಪೇಟೆಯವರ ಕೈಯಲ್ಲಿರುವುದು

ಸರಕಾರ ಹೇಳುವವರೆಗೆ ಕಾಯಬೇಕಿಲ್ಲ. ಮನೆ, ಅಂಗಡಿ, ಮಾಳಿಗೆ ಕಟ್ಟಿಸುವವರು ಇಷ್ಟು ಮಾಡಬಹುದು. ಎರಡು ರೂಲಿನ ಒಂದು ನೋಟ್‌ಬುಕ್ ಇಟ್ಟು ಯಾರು ಯಾವ ದಿನ ಬಂದರು, ಎಷ್ಟು ಕೊಟ್ಟಿರಿ ಅಂತ ಬರೆಯಬೇಕು. ಉದ್ರಿ ಪುಸ್ತಕ ಬರೆಯುವ ಕೈಗೆ ಇದು ಭಾರವಲ್ಲ. ಹೆಣ್ಣಾಳಿನ ಹೆಸರು ಬೇರೆಯಾಗಿಯೇ ಬರೆಯಬೇಕು. ಕೆಲಸ ಮುಗಿದ ದಿನ ಕೇಳುವ ಮೊದಲೇ ದಿನದ ಲೆಕ್ಕಕ್ಕೆ ಸಹಿ ಹಾಕಿ ಕೊಡಬೇಕು. ಕಲ್ಲು ಕೊಯ್ಯುವ ಮಷೀನು ಮನೆಯ ಮುಂದೆ ನಡೆದರೆ ಒಂದು ಪೈಪು ನೀರು ಹಿಡಿಸಬೇಕು. ನಿಮ್ಮ ಮಕ್ಕಳೂ ಅದೇ ಗಾಳಿ ಉಸಿರಾಡುತ್ತಾರೆ. ಖಡಿ, ಉಸುಕು ತಂದವರ ಪರ್ಮಿಟ್ ಕೇಳುವುದನ್ನೂ ಮರೆಯಬಾರದು. ಮಲಪ್ರಭೆ, ಕೃಷ್ಣೆ ಕೂಡುವ ಈ ಸೀಮೆಯಲ್ಲಿ ಪರ್ಮಿಟ್ ಇಲ್ಲದ ಉಸುಕು ಅಗ್ಗಕ್ಕೆ ಸಿಗುತ್ತದೆ ಅಂದರೆ ಅದರ ಬಾಕಿ ಹೊಳೆ ತೀರಿಸುತ್ತಿದೆ ಅಂತ ಅರ್ಥ.

ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತ ಗೌಂಡಿಗೂ ಒಂದು ಮಾತು. ಕೆಲಸಕ್ಕೆ ಹೋದ ಊರು, ಮನೆ, ದಿನ ಬರೆದಿಟ್ಟುಕೊಳ್ಳಬೇಕು. ಮೊಬೈಲಿನಲ್ಲಿ ಗೋಡೆಯ ಫೋಟೋ ತೆಗೆಯುವ ಕೈ, ಹಾಜರಿಯ ಹಾಳೆಯದೂ ಒಂದು ತೆಗೆಯಲಿ. ಕಾಯಿದೆ ಅರ್ಥ ಹೇಗೇ ಹೊರಳಲಿ, ಬರೆದಿಟ್ಟ ದಿನಕ್ಕೆ ವಾದ ಮಾಡಬಹುದು. ಬರೆಯದ ದಿನ ಹೋದಂತೆಯೇ.

ಬಾದಾಮಿಯ ಬಂಡೆಗೆ 100 ಮೀಟರಿನ ಕಾವಲು ಕೊಟ್ಟ ಕಾಯಿದೆ, ಇಳಕಲ್ಲಿನ ಲಾರಿಗೆ ಪರ್ಮಿಟ್ ಕೇಳುವ ಕಾಯಿದೆ, ಗೋಡೆ ಕಟ್ಟಿದ ಕೈಗೆ ಕೇಳುವುದು 90 ದಿನದ ಒಂದು ಲೆಕ್ಕ, ಒಂದು ಸಹಿ. ಅದಕ್ಕೆ ದಿಲ್ಲಿಗೆ ಹೋಗಬೇಕಿಲ್ಲ, ಬೆಂಗಳೂರಿಗೂ ಹೋಗಬೇಕಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಪೆನ್ನು ಇದೆ.